ಹಾಡಿನ ಉಪವಾಸ

ಫೆಬ್ರವರಿ 26, ಭಾನುವಾರ

ನಾಳೆಯಿಂದ ಈಸ್ಟರ್‌ವರೆಗೆ ಏಳು ವಾರದ ಉಪವಾಸ. ದಿನದ ಪಾಪವನ್ನು ಅಂದಂದೇ ಬರೆದಿಡಿ ಎಂದು ಪಾದ್ರಿಗಳು ಇವತ್ತು ಚರ್ಚಿನಲ್ಲಿ ಎಲ್ಲರೆದುರಿಗೆ ಹೇಳಿದರು. "ತಪ್ಪೊಪ್ಪಿಗೆಗೆ ಅಂತ ಬಂದು ಸೊಸೆಯಂದಿರ ಪಾಪ ಎಲ್ಲಾ ಒಪ್ಪಿಸಿ ಹೋಗ್ತೀರಿ. ನಿಮ್ಮದೇನಮ್ಮಾ ಅಂದ್ರೆ ನೆನಪಿಲ್ಲ ಫಾದರ್ ಅಂತೀರಿ." ಹೆಂಗಸರೆಲ್ಲ ನಕ್ಕರು. ನನಗೆ ಸೊಸೆ ಇಲ್ಲ, ಗಂಡ ಇದ್ದಾನೆ. ಅವನ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದಾಗ ಉಳಿದುಕೊಂಡ ಚೌಕುಳಿ ಹಾಳೆಯ ನೋಟ್‌ಬುಕ್ಕು ಇದು.

ಮೊದಲ ಪಾಪ ಸಿಟ್ಟು. ಗವ್ರಿಲ್ ಮೇಲೆ.

ಜನವರಿಯಲ್ಲಿ ದೊಡ್ಡಾಸ್ಪತ್ರೆಯಲ್ಲಿ ಮೊದಲ ಬಾಟಲಿ ಮದ್ದು ಹತ್ತಿಸಿಕೊಂಡು ಬಂದಾಗಿನಿಂದ ಅವನಿಗೆ ಹುಚ್ಚು ಹಿಡಿದ ಹಾಗಾಗಿದೆ. ಮೊದಲೇ ಹಾಡಿನವನು. ಎರಡು ಗೋಡೆ ತುಂಬ ರೆಕಾರ್ಡು, ಇಪ್ಪತ್ತೇಳು ವರ್ಷದಿಂದ ಅವುಗಳ ಧೂಳು ಒರೆಸುತ್ತಿರುವವಳು ನಾನು. ಈಗ ಮೋಟಾರ್‌ಸೈಕಲ್ ಮಾರಿ ಒಂದು ಹೆಡ್‌ಫೋನ್ ತಂದಿದ್ದಾನೆ. ಮರದ ಬಟ್ಟಲು, ಕುರಿಚರ್ಮದ ದಿಂಬು, ನಮ್ಮ ಪಾದ್ರಿಗಳ ಹಬ್ಬದ ಟೋಪಿಯೂ ಅಷ್ಟು ಚೆನ್ನಾಗಿಲ್ಲ. ಬೆಳಿಗ್ಗೆ ಎದ್ದು, ತಾನೇ ಕಟ್ಟಿದ ಆಂಪ್ಲಿಫೈಯರ್ ಹಚ್ಚಿ, ಗಾಜಿನ ವಾಲ್ವುಗಳು ಕೆಂಪಾಗುವವರೆಗೆ ಕಾದು, ಕೂತನೆಂದರೆ ಮುಗಿಯಿತು. ಮೇಲಿನ ಹಲಗೆಯ ಎಡತುದಿಯಿಂದ ಶುರು ಮಾಡಿದ್ದಾನೆ. ಒಂದಾದ ಮೇಲೆ ಒಂದು. ರೆಕಾರ್ಡಿನ ಒಂದು ಮುಖವನ್ನೂ ಬಿಡುವುದಿಲ್ಲ. ಡ್ಯೂಟಿಗೆ ಹೋದವರ ಹಾಗೆ ಕೇಳುತ್ತಾನೆ. ನಾನು ಮಾತಾಡಿಸಿದರೆ ಒಂದು ಕಿವಿಯಿಂದ ಎತ್ತಿ "ಏನು?" ಅನ್ನುತ್ತಾನೆ. ಅಷ್ಟರೊಳಗೆ ನನಗೆ ಏನು ಹೇಳಬೇಕಿತ್ತೋ ಮರೆತುಹೋಗಿರುತ್ತದೆ. ಎದೆಯೊಳಗೆ ಗಡ್ಡೆ ಇಟ್ಟುಕೊಂಡವನು ದೇವರ ಕಡೆ ಒಂದು ಸಲ ತಿರುಗಿ ನೋಡಬೇಡವೇ?

ಇವತ್ತು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಭಾನುವಾರ. ಸಂಜೆ ಅವನ ಮುಂದೆ ಮಂಡಿಯೂರಿದೆ. ಅವನು ಹೆಡ್‌ಫೋನ್ ತೆಗೆದ.

"ಗವ್ರಿಲ್, ನಾನು ಏಳು ವಾರ ಹಾಲು, ಮೊಟ್ಟೆ, ಎಣ್ಣೆ ಬಿಡ್ತೀನಿ. ನೀನು ಹಾಡು ಬಿಡು. ಇಬ್ಬರೂ ಸೇರಿ ಕೊಟ್ರೆ ದೇವರು ಇಲ್ಲ ಅನ್ನಲ್ಲ. ಆ ಗಡ್ಡೆ ಕರಗಿಸ್ತಾನೆ."

ಅವನು ಹಲಗೆಗಳ ಕಡೆ ನೋಡಿದ. ಮುಗಿಸಿದ್ದು ಎರಡು ಹಲಗೆ, ಮೂರನೆಯದರಲ್ಲಿ ಒಂದಿಷ್ಟು. "ಏಳು ವಾರ" ಅಂದ.

"ಏನು, ಎಪ್ಪತ್ತು ವರ್ಷವಾ? ಈಸ್ಟರ್ ಮುಗಿದ ಮೇಲೆ ಕೇಳ್ಕೋ, ಯಾರು ಬೇಡ ಅಂದ್ರು? ಹಾಡೇನು ಹಳಸಿ ಹೋಗುತ್ತಾ?"

ನನ್ನ ಮುಖ ನೋಡಿದ. "ಇಲ್ಲ, ಹಾಡು ಹಳಸಲ್ಲ" ಅಂದ. ಆಮೇಲೆ, "ಆಗ್ಲಿ ಕಣೇ ಜೆನೋವಿಯ. ನಿನಗೆ ಅದರಿಂದ ನೆಮ್ಮದಿ ಸಿಗೋ ಹಾಗಿದ್ರೆ ಆಗ್ಲಿ. ಈ ಮುಖ ಒಂದು ಮುಗಿಸಿಬಿಡ್ಲಾ?"

ಮುಗಿಸಲಿ ಎಂದೆ. ಕೇಳಿ ಮುಗಿಸಿ, ಸಣ್ಣ ಬ್ರಷ್‌ನಿಂದ ಮುಳ್ಳಿನ ಧೂಳು ತೆಗೆದು, ರೆಕಾರ್ಡನ್ನು ಲಕೋಟೆಗೆ ಹಾಕಿ, ಸಾಲಿನಿಂದ ಎರಡು ಬೆರಳಿನಷ್ಟು ಹೊರಗೆ ಚಾಚಿಕೊಂಡಿರುವ ಹಾಗೆ ನಿಲ್ಲಿಸಿದ. ಎಲ್ಲಿಗೆ ನಿಂತಿತು ಎಂದು ಗುರುತಿಗೆ.

ದೇವರು ಅವನ ಮನಸ್ಸು ಕರಗಿಸಿದ. ಗಡ್ಡೆಯನ್ನೂ ಕರಗಿಸುತ್ತಾನೆ.

ಮಾರ್ಚ್ 1, ಬುಧವಾರ

ಪಕ್ಕದ ಮನೆಯ ಚೀಸ್ ವಾಸನೆಗೆ ಬಾಯಲ್ಲಿ ನೀರು ಬಂತು. ಬರೆದಿದ್ದೇನೆ.

ಪ್ಲೇಯರ್ ಮೇಲೆ ಕಸೂತಿ ಟವೆಲ್ ಹೊದಿಸಿದೆ. ಹೆಡ್‌ಫೋನನ್ನು ಚಳಿಗಾಲದ ಕೌದಿಗಳ ಟ್ರಂಕಿಗೆ ಹಾಕುತ್ತೇನೆ ಅಂದರೆ ಗವ್ರಿಲ್ ಹಿಂದೆಯೇ ಬಂದ. ದಿಂಬು ಜಜ್ಜಿಹೋಗದ ಹಾಗೆ ನಡುವೆ ಸ್ವೆಟರ್ ತುರುಕಿದ, ವೈರನ್ನು ಸಡಿಲವಾಗಿ ಸುತ್ತಿದ, ಮೇಲೊಂದು ಮೆತ್ತನೆಯ ಬಟ್ಟೆ ಹಾಸಿದ.

"ಏನು, ಮಗುವನ್ನ ಮಲಗಿಸ್ತಿದ್ದೀಯಾ?" ಎಂದುಬಿಟ್ಟೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಮಗೆ ಮಕ್ಕಳಾಗಲಿಲ್ಲ. ಇದೂ ಪಾಪವೇ.

ಮನೆ ತಣ್ಣಗಿದೆ. ಹೆಡ್‌ಫೋನ್ ಹಾಡು ನನಗೆ ಯಾವತ್ತೂ ಕೇಳಿಸುತ್ತಿರಲಿಲ್ಲ. ಆದರೂ ಈಗ ಹೆಚ್ಚು ತಣ್ಣಗಿದೆ ಅನ್ನಿಸುತ್ತದೆ.

ಮಾರ್ಚ್ 5, ಭಾನುವಾರ

ಕೊಸ್ತಾಕೆ ಬಂದಿದ್ದ. ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ರೆಕಾರ್ಡು ಮಾರುತ್ತಾನೆ, ಇವನ ಮೂವತ್ತು ವರ್ಷದ ಗೆಳೆಯ. ಎಂದಿನ ಹಾಗೆ ಕಂಕುಳಲ್ಲಿ ಚೀಲ. ಟವೆಲ್ ಹೊದ್ದ ಪ್ಲೇಯರ್ ನೋಡಿ ಟೋಪಿ ತೆಗೆದ.

"ಯಾರು ಹೋದ್ರು ಅತ್ತಿಗೆ?"

"ಬಿಡ್ತು ಅನ್ನು. ಉಪವಾಸ. ಏಳು ವಾರ ಹಾಡು ಇಲ್ಲ."

"ಹಾಡಿಗೆ ಉಪವಾಸಾನಾ? ಅದ್ರಲ್ಲಿ ಯಾವ ಕೊಬ್ಬು ಇದೆ ಅತ್ತಿಗೆ, ಯಾವ ಮೂಳೆ ಇದೆ? ಹಂದಿ ಮಾಂಸ ಬಿಡಿ ಅಂತ ಬರೆದಿದ್ದಾರೆ, ಪಿಟೀಲು ಬಿಡಿ ಅಂತ ಎಲ್ಲಿ ಬರೆದಿದೆ? ತೋರಿಸು, ನನ್ನ ಅಂಗಡೀನೂ ಮುಚ್ತೀನಿ."

"ನಿನ್ನ ಅಂಗಡಿ ಮುಚ್ಚಿದ್ರೆ ಊರಿಗೆ ಪುಣ್ಯ ಬರುತ್ತೆ."

ಅವನು ಇನ್ನೇನೋ ಹೇಳಹೊರಟ, ಈ ಸಲ ಮುಖ ಕೆಂಪಾಗಿತ್ತು. ಗವ್ರಿಲ್ ಕಣ್ಣಲ್ಲೇ ಬೇಡ ಅಂದ. ಇಬ್ಬರೂ ಜಗಲಿಗೆ ಹೋಗಿ ಕೂತರು. ನಾನು ಚಹಾ ತಂದಾಗ ಮಾತು ನಿಲ್ಲಿಸಿದರು. ನನ್ನನ್ನೇ ಆಡಿಕೊಳ್ಳುತ್ತಿದ್ದರು ಎಂದು ಅನುಮಾನಪಟ್ಟೆ. ಅನುಮಾನ ಪಾಪ.

ಮಾರ್ಚ್ 9, ಗುರುವಾರ

ನಲವತ್ತು ಹುತಾತ್ಮರ ಹಬ್ಬ. ಎಂಟರ ಆಕಾರದ ಸಿಹಿರೊಟ್ಟಿ ಸುಟ್ಟು, ಜೇನು ಸವರಿ, ಅಕ್ರೋಟು ಉದುರಿಸಿ ಚರ್ಚಿಗೆ ಕೊಟ್ಟೆ. ಗವ್ರಿಲ್‌ಗೆ ಒಂದು ತುಂಡೂ ಇಳಿಯಲಿಲ್ಲ. ಮಂಗಳವಾರ ಮತ್ತೆ ಬಾಟಲಿ ಹತ್ತಿಸಿದ್ದಾರೆ, ಎರಡು ದಿನದಿಂದ ವಾಂತಿ.

ಚಹಾಕ್ಕೆ ನೀರಿಟ್ಟು ಹಿತ್ತಲಿಗೆ ಹೋಗಿದ್ದೆ. ಕೆಟಲ್ ಸಿಳ್ಳೆ ಹಾಕುತ್ತಿದೆ, ಹಾಕುತ್ತಲೇ ಇದೆ. ಓಡಿಬಂದರೆ ಅಡಿಗೆಮನೆ ತುಂಬ ಹಬೆ, ಇವನು ಒಲೆಯ ಪಕ್ಕದಲ್ಲೇ ಕಿಟಕಿ ನೋಡುತ್ತ ಕೂತಿದ್ದಾನೆ.

"ಕಿವಿ ಎಲ್ಲಿಟ್ಟಿದ್ದೀಯಾ!" ಎಂದು ಕಿರುಚಿದೆ.

ತಿರುಗಿ ನನ್ನನ್ನೂ ಕೆಟಲನ್ನೂ ನೋಡಿದ. "ಟ್ರಂಕಲ್ಲಿ. ನೀನೇ ತಾನೇ ಇಟ್ಟಿದ್ದು" ಎಂದು ನಕ್ಕ. ನನಗೂ ನಗು ಬಂತು. ಆಮೇಲೆ ಸಿಟ್ಟೂ ಬಂತು. ಹಾಡು ಕಿತ್ತುಕೊಂಡೆ ಎಂದು ಹೀಗೆ ಹಟ ಸಾಧಿಸುತ್ತಿದ್ದಾನೆ.

ಮಾರ್ಚ್ 10, ಶುಕ್ರವಾರ

ಮರೆತು ಬೀನ್ಸಿಗೆ ಎಣ್ಣೆ ಹಾಕಿದೆ. ತಿಂದಮೇಲೆ ಗೊತ್ತಾಯಿತು.

ಮಾರ್ಚ್ 15, ಬುಧವಾರ

ಇವತ್ತು ಸಂತೋಷದ ದಿನ, ಅದನ್ನೂ ಬರೆಯಬಾರದೇಕೆ.

ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ ತಿರುವಿ ಹೊರಗೆ ಬಂದಾಗ ಗವ್ರಿಲ್ ಹಲಗೆಗಳ ಮುಂದೆ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ರೆಕಾರ್ಡಿನ ಲಕೋಟೆ ಇಟ್ಟುಕೊಂಡು, ಬೆನ್ನಿನ ಬರಹ ಓದುತ್ತಿದ್ದ.

"ಇದು ಮೋಸ" ಎಂದೆ.

"ಮುಟ್ಟೋದಕ್ಕೂ ಉಪವಾಸಾನಾ ಮಾರಾಯ್ತಿ?"

ಬೆರಳು ಲಕೋಟೆಯ ಮೇಲೆ ತಾಳ ಹಾಕುತ್ತಿತ್ತು. ಮೆಲ್ಲಗೆ ಗುನುಗುತ್ತಿದ್ದ. ನಾನು ಹಾಡಿನವಳಲ್ಲ, ಆದರೂ ಸ್ವರ ಎಲ್ಲೋ ಜಾರಿತು ಎಂದು ಗೊತ್ತಾಯಿತು. "ಅಪಸ್ವರ ಹಾಡ್ತಿದ್ದೀಯಲ್ಲೋ, ರೇಡಿಯೋ ರಿಪೇರಿಯವನೇ" ಎಂದು ತಮಾಷೆ ಮಾಡಿದೆ. ಅವನ ಗುನುಗು ಅಲ್ಲೇ ನಿಂತಿತು. "ಹೌದಾ? ಎಲ್ಲಿ ತಪ್ಪಿತು?" ಎಂದು ಕೇಳಿದ. ನನಗೇನು ಗೊತ್ತು ಎಂದೆ. "ಹಾಗಾದ್ರೆ ನೀನು ಒಂದು ಹಾಡು" ಎಂದ. ನನಗೆ ಗೊತ್ತಿರುವುದು ಚರ್ಚಿನದೇ. ದೇವಮಾತೆಯದೊಂದು ಹಾಡಿದೆ. ಹಾಡುವಷ್ಟು ಹೊತ್ತೂ ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ರೆಪ್ಪೆ ಬಡಿಯಲಿಲ್ಲ.

ಕೆಲವು ದಿನದಿಂದ ಹೀಗೇ. ನಾನು ಮಾತಾಡಿದರೆ ಪೂರ್ತಿ ನನ್ನ ಕಡೆ ತಿರುಗಿ, ಬಾಯಿಯನ್ನೇ ನೋಡುತ್ತ ಕೇಳುತ್ತಾನೆ. ಮದುವೆಗೆ ಮುಂಚೆ ನಮ್ಮ ಹಳ್ಳಿಯ ಬಾವಿಯ ಹತ್ತಿರ ಹೀಗೆ ನೋಡುತ್ತಿದ್ದ. ಐವತ್ತು ವರ್ಷದವಳಿಗೆ ಕೆನ್ನೆ ಬಿಸಿಯಾಯಿತು.

ಹೆಡ್‌ಫೋನ್ ಟ್ರಂಕಿಗೆ ಹೋಯಿತು, ಗಂಡ ಮನೆಗೆ ಬಂದ. ಸ್ವಾಮಿ, ನಿನಗೆ ಸ್ತೋತ್ರ.

ಮಾರ್ಚ್ 19, ಭಾನುವಾರ

ಗವ್ರಿಲ್ ನನ್ನ ಜೊತೆ ಚರ್ಚಿಗೆ ಬಂದ. ಎಷ್ಟು ವರ್ಷದ ಮೇಲೆ! ಆದರೆ ಖುಷಿ ಪಡುವ ಹಾಗಾಗಲಿಲ್ಲ. ಅಂಗಳದಲ್ಲಿ ಪೂಜೆಗೆ ಕರೆಯಲು ಮರದ ಹಲಗೆಯನ್ನು ಕೊಡತಿಯಿಂದ ಬಾರಿಸುತ್ತಿದ್ದರು, ಟಕ ಟಕ ಟಕ ಎಂದು ತಲೆಯೊಳಗೆ ಹೋಗುವ ಸದ್ದು, ಎಲ್ಲರೂ ನಿಂತು ಶಿಲುಬೆ ಗುರುತು ಹಾಕಿಕೊಂಡರು. ಇವನು ಮಾತ್ರ ಜೇಬಿಗೆ ಕೈಹಾಕಿಕೊಂಡು ನಡೆಯುತ್ತಲೇ ಇದ್ದ. ಆಮೇಲೆ ದೊಡ್ಡ ಗಂಟೆ ಹೊಡೆದಾಗ ಥಟ್ಟನೆ ನಿಂತು ಟೋಪಿ ತೆಗೆದ. ಗಂಟೆಗೆ ಮರ್ಯಾದೆ, ಹಲಗೆಗೆ ಇಲ್ಲ, ಇದೆಂಥ ಭಕ್ತಿ?

ಹಿಂದಿನಿಂದ ಮೇಣದಬತ್ತಿ ಮಾರುವ ಪರಸ್ಕೀವ ಎರಡು ಸಲ "ಗವ್ರಿಲಣ್ಣ, ಹೇಗಿದ್ದೀಯಾ" ಎಂದಳು. ತಿರುಗಲಿಲ್ಲ. "ಕಾಯಿಲೆ ಬಂದ್ರೂ ಜಂಬ ಹೋಗಲಿಲ್ಲ ನೋಡು" ಎಂದು ನನಗೆ ಕೇಳುವ ಹಾಗೆ ಹೇಳಿದಳು. ಗಂಡನ ಬಗ್ಗೆ ನಾಚಿಕೆಪಟ್ಟೆ. ಅದು ಪಾಪ. ಪರಸ್ಕೀವಳನ್ನು ಮನಸ್ಸಿನಲ್ಲಿ ಬೈದೆ. ಅದೂ ಪಾಪ.

ಮಾರ್ಚ್ 25, ಶನಿವಾರ

ಮಂಗಳವಾರ್ತೆ ಹಬ್ಬ. ಉಪವಾಸದಲ್ಲೂ ಇವತ್ತು ಮೀನಿಗೆ ಅಪ್ಪಣೆ ಉಂಟು.

ಹುರಿದ ಮೀನಿನ ಹಾಗೆ ಇವತ್ತೊಂದು ದಿನ ಹಾಡಿಗೂ ಅಪ್ಪಣೆ ಇದ್ದರೆ ಗವ್ರಿಲ್ ಮುಖ ಅರಳೀತು ಎನ್ನಿಸಿತು. ಪೂಜೆ ಮುಗಿದ ಮೇಲೆ ಪಾದ್ರಿಗಳನ್ನು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಎಲ್ಲ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಗಡ್ಡ ನೀವುವುದನ್ನು ನಿಲ್ಲಿಸಿದರು.

"ಜೆನೋವಿಯಮ್ಮ, ಕಾಯಿಲೆಯವರಿಗೆ ಉಪವಾಸ ಇಲ್ಲ ಅಂತ ನಾನು ಎಷ್ಟು ವರ್ಷದಿಂದ ಹೇಳ್ತಿದ್ದೀನಿ?"

"ಊಟದ್ದು ಅಲ್ವಲ್ಲ ಫಾದರ್. ಹಾಡು."

"ಅವರೇ ಬಿಟ್ರಾ, ನೀವು ಬಿಡಿಸಿದ್ರಾ?"

"ನಾನು ಕೇಳಿದೆ, ಅವನು ಒಪ್ಪಿದ."

"ಇನ್ನೊಬ್ಬರ ತಟ್ಟೆಯಿಂದ ತೆಗೆದು ದೇವರಿಗೆ ಬಡಿಸೋದು ಯಾವ ಉಪವಾಸಾನಮ್ಮಾ? ಇವತ್ತೇ ಹೋಗಿ ಕೊಟ್ಟುಬಿಡಿ."

ಮೀನು ಕೊಂಡು ಬಂದು ಹುರಿದೆ. ಟ್ರಂಕಿನ ಬೀಗ ತೆಗೆಯಲು ಕೈ ಬರಲಿಲ್ಲ. ಈ ಪಾದ್ರಿ ಚಿಕ್ಕ ವಯಸ್ಸಿನವರು. ಬರುವ ಬುಧವಾರ ಗಡ್ಡೆಯ ಫೋಟೋ ತೆಗೆಯುತ್ತಾರೆ. ಅಷ್ಟು ದೂರ ಹೊತ್ತು ತಂದ ಕೊಡವನ್ನು ಬಾಗಿಲಲ್ಲಿ ಒಡೆದ ಹಾಗಾದರೆ? ಇನ್ನು ನಾಲ್ಕು ದಿನ. ಫೋಟೋ ಆಗಲಿ, ಅವತ್ತೇ ಕೊಡುತ್ತೇನೆ.

ಪಾದ್ರಿಗಳ ಮಾತು ಮೀರಿದೆ. ಬರೆದಿದ್ದೇನೆ.

ಮಾರ್ಚ್ 29, ಬುಧವಾರ

ಗಡ್ಡೆ ಕುಗ್ಗಿದೆ.

ಮೊದಲಿನ ಅರ್ಧಕ್ಕಿಂತ ಚಿಕ್ಕದಾಗಿದೆ ಎಂದು ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದರು. ಚಿಕ್ಕ ಹುಡುಗಿ, ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು. ನಾನು ಅವರ ಕೈಗೆ ಮುತ್ತಿಟ್ಟೆ. "ನಾವು ಹರಕೆ ಹೊತ್ತಿದ್ವಿ ಡಾಕ್ಟ್ರೇ" ಎಂದೆ. ಅವರು ನಕ್ಕು, ಗವ್ರಿಲ್ ಕಡೆ ಬಗ್ಗಿ, ಕಿವುಡರ ಜೊತೆ ಮಾತಾಡುವ ಹಾಗೆ ಗಟ್ಟಿಯಾಗಿ ಹೇಳಿದರು. ಆಮೇಲೆ ಒಂದು ಕಾಗದದ ಮೇಲೆ ಬರೆದೂ ತೋರಿಸಿದರು. ಅವನು ಓದಿ ತಲೆಯಾಡಿಸಿದ.

"ಯಾಕೆ ಬರೀತೀರಿ? ಅವನಿಗೇನು ಕಿವಿ ಕೇಳಲ್ವಾ?" ಎಂದೆ. ನಗುತ್ತಲೇ ಎಂದೆ.

ಡಾಕ್ಟರು ನನ್ನನ್ನು ನೋಡಿದರು. ಅವನನ್ನು ನೋಡಿದರು. "ಅಮ್ಮ, ಜನವರಿಯಲ್ಲೇ ಹೇಳಿದ್ದೆ ಇವರಿಗೆ. ಈ ಮದ್ದು ಕೆಲವರ ಕಿವಿಗೆ ಹೊಡೆಯುತ್ತೆ. ಮೊದಲು ಸಣ್ಣ ಸದ್ದು ಹೋಗುತ್ತೆ, ಚೂಪು ಸದ್ದು. ಹಕ್ಕಿ, ಸಿಳ್ಳೆ, ಅಂಥದ್ದು. ಆಮೇಲೆ ಮಾತು. ಗಡ್ಡೆಗೆ ಇದಕ್ಕಿಂತ ಒಳ್ಳೇ ಮದ್ದು ಇಲ್ಲ, ಕಿವಿ ಹೋದ್ರೂ ಪರವಾಗಿಲ್ಲ ಅಂತ ಸೈನ್ ಹಾಕಿದ್ರು. ನಿಮಗೆ ಹೇಳಿಲ್ವಾ?"

"ವಾಪಸ್ ಬರುತ್ತಾ?"

"ಹೋದದ್ದು ಬರಲ್ಲ. ಮದ್ದು ಬದಲಾಯಿಸ್ತೀವಿ, ಉಳಿದದ್ದು ಉಳೀಬಹುದು."

ಬಸ್ಸಿನಲ್ಲಿ ಅವನು ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದ. ನಾನು ಲೆಕ್ಕ ಹಾಕುತ್ತ ಕೂತೆ. ಕೆಟಲ್. ಚರ್ಚಿನ ಹಲಗೆ. ಪರಸ್ಕೀವ. ಅಪಸ್ವರ. ನನ್ನ ಬಾಯಿ.

ಹಾಡು ತಗೊಂಡು ಗಂಡನನ್ನು ಉಳಿಸಿಕೊಡು ಎಂದು ಕೇಳಿದವಳು ನಾನು. ಸ್ವಾಮಿ, ನೀನು ಅಷ್ಟು ಸರಿಯಾಗಿ ಕೇಳಿಸಿಕೊಂಡೆಯಾ?

ಮಾರ್ಚ್ 30, ಗುರುವಾರ

ಪ್ರತಿ ವಾರದ ಹಾಗೆ ಚರ್ಚಿಗೆ ಪೂಜೆಯ ರೊಟ್ಟಿ ಮಾಡಲು ಕೂತೆ. ಹಿಟ್ಟಿನ ಮೇಲೆ ಶಿಲುಬೆಯ ಮುದ್ರೆ ಒತ್ತಲಾಗಲಿಲ್ಲ. ಈ ವಾರ ಬೇರೆಯವರಿಗೆ ಹೇಳಿ ಎಂದು ಚರ್ಚಿಗೆ ಫೋನ್ ಮಾಡಿದೆ. ಟ್ರಂಕು ತೆಗೆಯುವ ಧೈರ್ಯವೂ ಇನ್ನೂ ಬಂದಿಲ್ಲ.

ಏಪ್ರಿಲ್ 2, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಸಂತೆಗೆ ಹೋದೆ. ಕೊಸ್ತಾಕೆ ರೆಕಾರ್ಡುಗಳ ಪೆಟ್ಟಿಗೆಯ ಹಿಂದೆ ಸೂರ್ಯಕಾಂತಿ ಬೀಜ ಬಿಡಿಸುತ್ತ ಕೂತಿದ್ದ. ನನ್ನನ್ನು ಕಂಡು ಏನೋ ತಮಾಷೆ ಮಾಡಹೊರಟವನು ಬಾಯಿ ಮುಚ್ಚಿದ.

"ನಿನಗೆ ಗೊತ್ತಿತ್ತು" ಎಂದೆ.

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ? ನನ್ನ ಕಪಾಳಕ್ಕೆ ಹೊಡೆದು ಹೇಳಬೇಕಿತ್ತು!"

"ಹೇಳಿದ್ರೆ ಸ್ನೇಹ ಬಿಡ್ತೀನಿ ಅಂದ ಅತ್ತಿಗೆ. ಜನವರೀಲಿ ಆಸ್ಪತ್ರೆ ಬೆಂಚಿನ ಮೇಲೆ ಇಬ್ಬರೂ ಕೂತಿದ್ವಿ. 'ಎಡದಿಂದ ಬಲಕ್ಕೆ ಎಲ್ಲಾ ಒಂದೊಂದು ಸಲ ಕೇಳಿ ಮುಗಿಸ್ತೀನಿ ಕೊಸ್ತಾಕೆ, ಒಳ್ಳೇ ಹೆಡ್‌ಫೋನ್ ಒಂದು ಹುಡುಕು' ಅಂದ. ನಾನೇ ಹುಡುಕಿ ತಂದೆ. ಏಪ್ರಿಲ್ ಹೊತ್ತಿಗೆ ಮುಗಿಯುತ್ತೆ ಅಂತ ಲೆಕ್ಕ ಹಾಕಿದ್ದ. ಆಮೇಲೆ ನಿನ್ನ ಉಪವಾಸ ಬಂತು." ಬೀಜದ ಸಿಪ್ಪೆ ಉಗಿದ. "ಅವತ್ತು ಜಗಲೀಲಿ ನಾನು ಜಗಳಾನೇ ಆಡಿದೆ. 'ಅವಳಿಗೆ ಹಿಡ್ಕೊಳ್ಳೋಕೆ ಏನಾದ್ರೂ ಒಂದು ಬೇಕಲ್ಲೋ. ನನ್ನ ಹಾಡನ್ನೇ ಹಿಡ್ಕೊಂಡಿದ್ದಾಳೆ, ಹಿಡ್ಕೊಳ್ಳಲಿ' ಅಂದ."

ನಾನು ಅಲ್ಲಿಯೇ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಕೊಸ್ತಾಕೆ ಬೀಜದ ಪೊಟ್ಟಣ ನನ್ನ ಕೈಗಿಟ್ಟ.

ಏಪ್ರಿಲ್ 3, ಸೋಮವಾರ

ಟ್ರಂಕು ತೆಗೆದೆ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಹೋಗಿ ನಿಂತೆ. ಅವನು ನನ್ನ ಮುಖ ನೋಡಿ, "ಈಸ್ಟರ್ ಬಂತಾ?" ಎಂದ.

ಆಂಪ್ಲಿಫೈಯರ್ ಹಚ್ಚಿದ. ಚಾಚಿಕೊಂಡಿದ್ದ ರೆಕಾರ್ಡಿನ ಮುಂದಿನದನ್ನು ತೆಗೆದ. ಅಂಚನ್ನು ಅಂಗೈಗಳ ನಡುವೆ ಹಿಡಿದು ಇಟ್ಟ, ಮುಳ್ಳು ಇಳಿಸಿದ. ಕಣ್ಣು ಮುಚ್ಚಿದ. ನಾನು ಅವನ ಮುಖ ಕಾಯುತ್ತಿದ್ದೆ.

ಏನೂ ಆಗಲಿಲ್ಲ ಆ ಮುಖದಲ್ಲಿ. ಗುಂಡಿ ತಿರುಗಿಸಿದ. ಇನ್ನೂ ತಿರುಗಿಸಿದ. ದೂರ ನಿಂತ ನನಗೂ ಕೀರಲು ಸದ್ದು ಕೇಳಿಸತೊಡಗಿತು. ಕೊನೆಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮಹಡಿ ಮೇಲೆ ಯಾರೋ ಬೂಟು ಹಾಕ್ಕೊಂಡು ಓಡಾಡ್ತಿರೋ ಹಾಗೆ. ದಪ್ಪ ತಂತಿ ಮಾತ್ರ ಬರ್ತಿದೆ" ಎಂದ.

ನಾನು ಹತ್ತಿರ ಹೋಗಿ ಅವನ ಮೇಲೆ ಬಗ್ಗಿ ಅತ್ತೆ. ಅವನು ಅಳಲಿಲ್ಲ. ಕುರಿಚರ್ಮದ ದಿಂಬಿನ ಮೇಲೆ ಬಿದ್ದ ನನ್ನ ಕಣ್ಣೀರನ್ನು ತೋಳಿನಿಂದ ಒರೆಸಿದ. "ನೀರು ತಾಗಬಾರದು ಕಣೇ ಇದಕ್ಕೆ" ಎಂದ.

ಏಪ್ರಿಲ್ 6, ಗುರುವಾರ

ತಪ್ಪೊಪ್ಪಿಗೆಗೆ ಹೋಗಿದ್ದೆ. ಈ ಪುಸ್ತಕ ತೆಗೆದುಕೊಂಡು ಹೋಗಿರಲಿಲ್ಲ. ಇದರಲ್ಲಿ ಎಣ್ಣೆ, ಚೀಸು, ಪರಸ್ಕೀವ ಎಲ್ಲ ಇದ್ದಾರೆ. ಆದದ್ದು ಒಂದನ್ನೇ ಹೇಳಿದೆ. ಪಾದ್ರಿಗಳು "ಅವರು ಏನು ಕೇಳ್ತಾರೋ ಅದನ್ನ ಮಾಡಿ" ಎಂದರು.

ಏಪ್ರಿಲ್ 9, ಭಾನುವಾರ

ಗರಿಗಳ ಹಬ್ಬ. ಆಶೀರ್ವಾದ ಮಾಡಿಸಿದ ವಿಲೋ ಕಡ್ಡಿ ತಂದು ದೇವರ ಪಟಕ್ಕೆ ಸಿಕ್ಕಿಸಿದೆ. ಊಟವಾದ ಮೇಲೆ ಗವ್ರಿಲ್ ನನ್ನನ್ನು ಕೈಹಿಡಿದು ಅವನ ಕುರ್ಚಿಯಲ್ಲಿ ಕೂರಿಸಿದ. ನನ್ನ ತಲೆವಸ್ತ್ರ ಹಿಂದಕ್ಕೆ ಸರಿಸಿ ಹೆಡ್‌ಫೋನ್ ಹಾಕಿದ.

"ನಾನಾ? ನನಗೇನು ತಿಳಿಯುತ್ತೆ?" ಎಂದೆ. ನನ್ನ ದನಿಯೇ ನನಗೆ ಬಾವಿಯೊಳಗಿನಿಂದ ಬಂದ ಹಾಗಿತ್ತು.

"ತಿಳಿಯೋದು ಬೇಡ. ಕೇಳಿ ಹೇಳು."

ಮುಳ್ಳು ಇಳಿಸಿದ. ದೇವರಾಣೆ, ನಾನು ತಿರುಗಿ ನೋಡಿದೆ, ಕೋಣೆಗೆ ಯಾರೋ ಬಂದರೆಂದು. ಇಪ್ಪತ್ತೇಳು ವರ್ಷ ಧೂಳು ಒರೆಸಿದೆ, ಒಂದು ಸಲವೂ ಇದರೊಳಗೆ ಹೋಗಿರಲಿಲ್ಲ. ಅವನು ಎದುರಿಗೆ ಸ್ಟೂಲು ಹಾಕಿಕೊಂಡು ನನ್ನ ತುಟಿ ನೋಡುತ್ತ ಕೂತ.

"ಒಬ್ಬ ಪಿಟೀಲು ಬಾರಿಸ್ತಿದ್ದಾನೆ" ಎಂದೆ.

"ಎಲ್ಲಿ?"

"ಎಲ್ಲಿ ಅಂದ್ರೆ... ಇಲ್ಲಿ, ಎಡಕ್ಕೆ. ಒಲೆ ಇರೋ ಕಡೆ."

"ಹೂಂ. ಬಲಕ್ಕೆ?"

"ಅದೇನೋ ತಂತೀದು, ಸುತ್ತಿಗೆಯಿಂದ ಮೆತ್ತಗೆ ಹೊಡೀತಾರಲ್ಲ, ಮದುವೆ ಮನೇಲಿ. ನಡುವೆ ಒಬ್ಬ ಹೆಂಗಸು. ನನಗಿಂತ ಹಿರಿಯಳು. ನಿಂತ್ಕೊಂಡು ಹಾಡ್ತಿದ್ದಾಳೆ."

"ನಿಂತಿದ್ದಾಳೆ ಅಂತ ಹೇಗೆ ಗೊತ್ತಾಯ್ತು?" ಎಂದು ನಕ್ಕ. ಆ ನಗು ನೋಡಿ ಎಷ್ಟು ದಿನವಾಗಿತ್ತು. "ಮೂರನೇ ಚರಣಕ್ಕೆ ಮುಂಚೆ ಅವಳು ಉಸಿರು ಎಳ್ಕೋತಾಳೆ. ಬಹಳ ಸಣ್ಣದು. ಹಳೇ ಹೆಡ್‌ಫೋನಲ್ಲಿ ಇರಲೇ ಇಲ್ಲ ಅದು. ಚಳಿಗಾಲದಲ್ಲಿ ಕೊಸ್ತಾಕೆ ಇದನ್ನ ತಂದ ದಿನ ಪರೀಕ್ಷೆಗೆ ಅಂತ ಇದೇ ರೆಕಾರ್ಡ್ ಹಾಕಿದ್ದೆ, ಆಗ ಮೊದಲನೇ ಸಲ ಸಿಕ್ತು. ಕೇಳಿಸಿತಾ?"

ನನಗೆ ಕೇಳಿಸಿರಲಿಲ್ಲ. ಅವನ ಮುಖ ನೋಡಿದೆ. "ಕೇಳಿಸಿತು" ಎಂದೆ.

ಏಪ್ರಿಲ್ 10, ಸೋಮವಾರ

ಬೆಳಿಗ್ಗೆ ಗವ್ರಿಲ್ ಹಿತ್ತಲಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸಲು ಹೋದ. ಗಡ್ಡೆ ಕುಗ್ಗಿದ ಮೇಲೆ ಒಂದಿಷ್ಟು ಕಸುವು ಬಂದಿದೆ. ನಾನು ಅವನು ಮಾಡುವ ಹಾಗೆಯೇ ವಾಲ್ವು ಕೆಂಪಾಗುವವರೆಗೆ ಕಾದು, ಅಂಚನ್ನಷ್ಟೇ ಹಿಡಿದು, ಮುಳ್ಳು ಇಳಿಸಿ ಕೂತೆ. ಎರಡನೇ ಚರಣ ಮುಗಿಯಿತು, ಮೂರನೆಯದು ಶುರುವಾಯಿತು, ಉಸಿರು ಇಲ್ಲ. ಮತ್ತೆ ಹಾಕಿದೆ. ಇಲ್ಲ. ಕಣ್ಣು ಮುಚ್ಚಿ ಹಾಕಿದೆ. ಒಲೆಯ ಮೇಲೆ ಹುಳಿ ಕೋಸು ಸೀದ ವಾಸನೆ ಬಂತು, ಏಳಲಿಲ್ಲ. ಎಷ್ಟನೆಯ ಸಲವೋ, ಪಿಟೀಲು ಸರಿದು ಜಾಗ ಬಿಟ್ಟ ಕಡೆ, ಆ ಹೆಂಗಸು ಇದ್ದಳು. ಏನೋ ಹೇಳಬೇಕೆಂದು ಬಾಯಿ ತೆರೆದು, ಬೇಡ ಎನ್ನಿಸಿ, ಆಮೇಲೆ ಹೇಳಿಯೇಬಿಡೋಣ ಎಂದುಕೊಂಡವಳ ಉಸಿರು. ಅಷ್ಟೇ.

ಹಿತ್ತಲಿಗೆ ಓಡಿದೆ. ಹಿಂದಿನಿಂದ ಕೂಗಿದೆ, ತಿರುಗಲಿಲ್ಲ. ಬಳ್ಳಿ ಸುತ್ತಿ ಅವನ ಎದುರಿಗೆ ಹೋಗಿ ನಿಂತೆ.

"ಕೇಳಿಸಿತು!"

"ನಿನ್ನೆಯೇ ಕೇಳಿಸಿತು ಅಂದೆಯಲ್ಲ."

"ನಿನ್ನೆ ಸುಳ್ಳು ಹೇಳಿದ್ದೆ."

"ಗೊತ್ತು" ಎಂದ. ಕತ್ತರಿಯನ್ನು ಕಂಬಕ್ಕೆ ನೇತುಹಾಕಿದ. "ಹೇಗಿತ್ತು? ಮಾಡಿ ತೋರಿಸು."

ಅಕ್ಕಪಕ್ಕದವರು ನೋಡಿದರೆ ಏನಂದುಕೊಂಡಾರು ಎಂದು ಯೋಚಿಸಲಿಲ್ಲ. ಬಾಯಿ ಅರ್ಧ ತೆರೆದು, ಆ ಹೆಂಗಸು ಎಳೆದ ಹಾಗೆಯೇ ಉಸಿರು ಎಳೆದೆ. ಅವನು ಮಣ್ಣು ಮೆತ್ತಿದ ಅಂಗೈಯನ್ನು ನನ್ನ ಎದೆಗೂಡಿನ ಮೇಲೆ ಇಟ್ಟು, ಕಣ್ಣು ಮುಚ್ಚಿದ.

"ಇನ್ನೊಂದ್ಸಲ" ಎಂದ.